ನೂರಿಯ ಹೋಟೆಲಿನಿಂದ ಐದು ನಿಮಿಷ

ಕ್ಲಿಫ್ಟನ್, ನ್ಯೂಜೆರ್ಸಿ
೨೨ ಅಕ್ಟೋಬರ್ ೧೯೮೮

ಪ್ರೀತಿಯ ಬೋರಲಿಂಗಯ್ಯನಿಗೆ,

ನಿನ್ನ ಚೆಲುವರಾಜು ಮಾಡುವ ನಮಸ್ಕಾರ. ಇಲ್ಲಿ ನಾನು, ಕೃಷ್ಣಮ್ಮ, ಮಗಳು ಅನು ಮೂವರೂ ಚೆನ್ನಾಗಿದ್ದೇವೆ. ನೀನೂ ನಿನ್ನ ಮನೆಯವರೂ ಚೆನ್ನಾಗಿರುವಿರೆಂದು ನಂಬಿದ್ದೇನೆ. ಹೆಡ್ಮಾಸ್ಟರಾದ ಮೇಲೆ ನಿನ್ನ ಅಕ್ಷರ ಇನ್ನೂ ದುಂಡಗಾಗಿದೆ. ನಿನ್ನ ಕಾಗದ ಬಂದಾಗ ಶ್ರಾವಣ. ಈಗ ಇಲ್ಲಿ ಮರದ ಎಲೆಗಳೆಲ್ಲ ಕೆಂಪಾಗಿ ಉದುರುತ್ತಿವೆ. ತಡವಾದದ್ದಕ್ಕೆ ಆಫೀಸಿನ ಕೆಲಸದ ನೆಪ ಹೇಳಿದರೆ ನೀನು ನಂಬುತ್ತೀಯ, ಆದರೆ ಹೇಳುವುದಿಲ್ಲ. ಕಾಗದದ ಕೊನೆಯಲ್ಲಿ ನೀನು, 'ನಿನ್ನ ಗೆಳೆಯ ಶ್ರೀನಿಯ ಗೃಹಪ್ರವೇಶದ ಊಟ ಹೇಗಿತ್ತು?' ಎಂದು ಕೇಳಿದ್ದೆ. ಅದಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಮುಚ್ಚಿಟ್ಟು ಎದ್ದುಬಿಡುತ್ತಿದ್ದೆ. ತಪ್ಪು ತಿಳಿಯಬೇಡ.

ಅದನ್ನು ಹೇಳುವ ಮೊದಲು ನೂರಿಯ ಹೋಟೆಲಿನ ವಿಷಯ ಹೇಳಬೇಕು. ನಾನು ಮಾತು ಶುರುಮಾಡಿದರೆ ಊರೆಲ್ಲ ಸುತ್ತಿ ಬರುತ್ತೇನೆಂದು ಹಾಸ್ಟೆಲಿನಲ್ಲೇ ಬೈಯುತ್ತಿದ್ದೆಯಲ್ಲ, ಈಗಲೂ ಸ್ವಲ್ಪ ಸಹಿಸಿಕೊ.

ನಮ್ಮ ಮನೆಯಿಂದ ಕಾರಿನಲ್ಲಿ ಐದು ನಿಮಿಷ ಹೋದರೆ ಪ್ಯಾಟರ್ಸನ್ ಎಂಬ ಊರು. ಅಲ್ಲಿ ತುರ್ಕಿ ದೇಶದವರು ತುಂಬ ಜನ ಇದ್ದಾರೆ. ಒಂದು ಲಾಂಡ್ರಿಗೂ ಚಪ್ಪಲಿ ಹೊಲಿಯುವ ಅಂಗಡಿಗೂ ನಡುವೆ ನೂರಿಯ ಹೋಟೆಲು. ಹೋಟೆಲು ಎಂದರೆ ಏನು, ನಾಲ್ಕಾರು ಮೇಜು, ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸು, ಗೋಡೆಗೆ ಒಂದು ಮಸೀದಿಯ ಪಟ. ಬಾಗಿಲ ಪಕ್ಕದ ಗಾಜಿನೊಳಗೆ ಕುರಿಮಾಂಸದ ದೊಡ್ಡ ಮುದ್ದೆಯನ್ನು ಸಲಾಕೆಗೆ ಚುಚ್ಚಿ ನಿಲ್ಲಿಸಿರುತ್ತಾರೆ; ಅದು ಬೆಂಕಿಯ ಮುಂದೆ ಸುತ್ತುತ್ತಾ ಕೊಬ್ಬು ಇಳಿಸುತ್ತಿರುತ್ತದೆ. ನೂರಿಯ ಮೀಸೆ ನಮ್ಮ ಕಡೆಯ ವೀರಮಕ್ಕಳ ಕುಣಿತದವರ ಮೀಸೆಯಂಥದು. ಅಡುಗೆ ಅವನ ಹೆಂಡತಿ ಫಾತ್ಮಾದು. ಅವರ ಬೇಳೆ ಸೂಪು ಹೇಗಿರುತ್ತದೆಂದರೆ, ನಮ್ಮ ತೊವ್ವೆಯನ್ನು ಚೆನ್ನಾಗಿ ಕಡೆದು, ನಿಂಬೆಹಣ್ಣು ಹಿಂಡಿ, ಮೇಲೆ ಮೆಣಸಿನಪುಡಿ ಹಾಕಿದ ಬೆಣ್ಣೆ ಬಿಟ್ಟಂತೆ. ಮಜ್ಜಿಗೆಗೆ ಐರಾನ್ ಎನ್ನುತ್ತಾರೆ. ಉಪ್ಪು ಸರಿಯಾಗಿರುತ್ತದೆ, ಕರಿಬೇವು ಇರುವುದಿಲ್ಲ. ಇನ್ನೊಂದು ಬದನೆಕಾಯಿಯ ಪದಾರ್ಥ. ಈರುಳ್ಳಿ ಟೊಮೇಟೊ ತುಂಬಿ ಎಣ್ಣೆಯಲ್ಲಿ ಬೇಯಿಸಿ, ಆರಿಸಿ, ತಣ್ಣಗೆ ಕೊಡುತ್ತಾರೆ. 'ಇಮಾಮನು ಮೂರ್ಛೆ ಹೋದನು' ಎಂದು ಅದರ ಹೆಸರು. ಯಾಕೆ ಮೂರ್ಛೆ ಹೋದನೆಂಬ ಕಥೆಯನ್ನು ನೂರಿ ಪ್ರತಿ ಸಲವೂ ಹೇಳುತ್ತಾನೆ. ಒಮ್ಮೆ ರುಚಿಗೆ ಬಿದ್ದನಂತೆ, ಇನ್ನೊಮ್ಮೆ ಹೆಂಡತಿ ಸುರಿದ ಎಣ್ಣೆ ನೋಡಿ ಬಿದ್ದನಂತೆ. ಕಥೆ ಹೇಳುವವನಿಗೆ ಹೀಗೆ ಸುಳ್ಳು ಹೇಳುವ ಧೈರ್ಯ ಇರಬೇಕು. ಅದಕ್ಕೇ ನನಗೆ ಅವನೆಂದರೆ ಇಷ್ಟ.

ಈ ಹೋಟೆಲನ್ನು ಹುಡುಕಿದವನು ಶ್ರೀನಿ. ಆಗ ನಾವಿಬ್ಬರೂ ಒಂದೇ ಕಂಪನಿಯಲ್ಲಿದ್ದೆವು. ಮೊದಲ ದಿನ ನಾನು ಕನ್ನಡದವನೆಂದು ತಿಳಿದು ಓಡಿಬಂದು ಕೈಹಿಡಿದುಕೊಂಡ. ಊರು ಕೇಳಿದ, ಹೇಳಿದೆ. "ಊರಲ್ಲಿ ನಿಮ್ಮನೆ ಯಾವ ಕಡೆಗೆ ಬರುತ್ತೆ?" ಎಂದ. ಕೆರೆ ಏರಿಯ ಕೆಳಗೆ, ನಮ್ಮ ಕೇರಿಯಲ್ಲಿ ಎಂದೆ. ಅವನು ಮೈಸೂರಿನ ಅಗ್ರಹಾರದವನು, ತಿಳಿಯದೆ ಇರುತ್ತದೆಯೇ. ಆದರೆ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಆಮೇಲೆ ಯಾವತ್ತೂ ಜಾತಿಯ ಮಾತು ಎತ್ತಲಿಲ್ಲ. ಇಂಥವನೊಬ್ಬ ಸಿಕ್ಕನಲ್ಲ ಎಂದು ನಿನಗೆ ಎಷ್ಟು ಹೆಮ್ಮೆಯಿಂದ ಬರೆದಿದ್ದೆ, ನೆನಪಿದೆಯೇ?

ಅಂದಿನಿಂದ ತಿಂಗಳಿಗೊಮ್ಮೆ ನಾವು ಎರಡು ಸಂಸಾರಗಳು ನೂರಿಯ ಹತ್ತಿರ ಕೂಡಿ ಉಣ್ಣುವುದು ರೂಢಿಯಾಯಿತು. ಶ್ರೀನಿ, ಅವನ ಹೆಂಡತಿ ಮಾಲಾ, ಮಗ ರಾಮ್, ನಾವು ಮೂವರು. ಎಂಥ ನಗು, ಎಂಥ ಹರಟೆ. ಅನುವೂ ರಾಮನೂ ಆ ಮೇಜಿನ ಕೆಳಗೆ ಆಡಿಕೊಂಡೇ ಬೆಳೆದರು. ಶ್ರೀನಿ ಕೆಲಸ ಬದಲಾಯಿಸಿ ಪ್ರಿನ್ಸ್‌ಟನ್ನಿಗೆ ಹೋದ ಮೇಲೂ ಒಂದು ಗಂಟೆಗೂ ಹೆಚ್ಚು ಡ್ರೈವ್ ಮಾಡಿಕೊಂಡು ಅಲ್ಲಿಗೇ ಬರುತ್ತಿದ್ದ. ಅಷ್ಟು ದೂರದಿಂದ ಬಂದವನು ಆ ಐದು ನಿಮಿಷ ಮಾತ್ರ ಮುಂದಕ್ಕೆ ಬರುತ್ತಿರಲಿಲ್ಲ. ಒಂದೆರಡು ಸಲ ನಮ್ಮ ಕಾರು ಕೆಟ್ಟಾಗ ಮನೆಯವರೆಗೆ ಬಿಟ್ಟಿದ್ದಾನೆ. ಇಂಜಿನ್ ನಿಲ್ಲಿಸದೆ, ಕಿಟಕಿ ಇಳಿಸಿ ಕೈಬೀಸಿ, ಹಾಗೇ ತಿರುಗಿಸಿಕೊಂಡು ಹೋಗಿದ್ದಾನೆ. ಕೃಷ್ಣಮ್ಮ ಕರೆದಾಗಲೆಲ್ಲ, "ನಿಮಗ್ಯಾಕೆ ತೊಂದರೆ ಅತ್ತಿಗೆ? ವಾರವೆಲ್ಲ ದುಡೀತೀರಿ. ನೂರಿ ಇದಾನಲ್ಲ," ಎನ್ನುತ್ತಿದ್ದ. ನಾನು, ಪಾಪ, ಎಷ್ಟು ತಿಳಿವಳಿಕೆಯವನು ಎಂದುಕೊಳ್ಳುತ್ತಿದ್ದೆ.

ಕೃಷ್ಣಮ್ಮ ಬಿಡುವವಳಲ್ಲ. ನಮ್ಮ ಮನೆಯಲ್ಲಿ ಮಾಂಸ ಬೇಯುತ್ತದೆ, ಅದಕ್ಕೆ ಮಾಲಾಳಿಗೆ ಮುಜುಗರವಿರಬಹುದು ಎಂದುಕೊಂಡು ಹೊಸ ಸ್ಟೀಲ್ ಪಾತ್ರೆಗಳನ್ನು ತಂದು ಬೇರೆ ಕಪಾಟಿನಲ್ಲಿಟ್ಟಳು. ಮೊಟ್ಟೆಯನ್ನೂ ಸೋಕಿಸಲಿಲ್ಲ. "ಅಣ್ಣಾ, ಬೇರೆ ಪಾತ್ರೆ ಇಟ್ಟಿವ್ನಿ, ಬನ್ನಿ," ಎಂದು ಫೋನಿನಲ್ಲಿ ಹೇಳಿಯೂ ಹೇಳಿದಳು. ಆ ಶನಿವಾರ ರಾಮನಿಗೆ ಜ್ವರ ಬಂತು. ಮುಂದಿನ ಸಲ ಮಾಲಾಳ ಕಾಲು ಉಳುಕಿತು. ಅನು ಒಂದು ದಿನ, "ಡ್ಯಾಡ್, ದೇ ಡೋಂಟ್ ವಾಂಟ್ ಟು ಕಮ್. ಇಟ್ಸ್ ಸೋ ಆಬ್ವಿಯಸ್," ಎಂದಳು. ದೊಡ್ಡವರ ವಿಷಯ ನಿನಗೇನು ಗೊತ್ತು ಎಂದು ಗದರಿಸಿದೆ.

ಈ ವರ್ಷ ಶ್ರೀನಿ ಪ್ರಿನ್ಸ್‌ಟನ್ನಿನಲ್ಲಿ ಸ್ವಂತ ಮನೆ ಕೊಂಡ. "ನೀನಿಲ್ಲದೆ ಗೃಹಪ್ರವೇಶ ಆಗುತ್ತೇನಯ್ಯಾ?" ಎಂದಿದ್ದ. ಅದನ್ನೇ ನಂಬಿ ನಿನಗೆ ಬರೆದದ್ದು. ಕೃಷ್ಣಮ್ಮ ನ್ಯೂಯಾರ್ಕಿನವರೆಗೆ ಹೋಗಿ ಒಂದು ಜೊತೆ ದೀಪದ ಕಂಬ ತಂದಳು. ನಮ್ಮ ಕಡೆ ಮನೆಗೆ ಬಂದು, ಕುಂಕುಮ ಕೊಟ್ಟು ಕರೆಯುವುದು ಪದ್ಧತಿ. ಇಲ್ಲಿ ಫೋನ್ ಮಾಡಿದರೂ ಸಾಕೆಂದು ಎಲ್ಲರೂ ಒಪ್ಪಿಕೊಂಡಿದ್ದೇವೆ. ಫೋನೇನೋ ಬಂತು. "ಗ್ರ್ಯಾಂಡಾಗಿ ಏನೂ ಇಲ್ಲ ರಾಜ್. ಅಮ್ಮ ಇಂಡಿಯಾದಿಂದ ಬಂದಿದಾರಲ್ಲ, ಅವರದು ಮಡಿ ಜಾಸ್ತಿ. ನಾವು ನಾವೇ ಹಾಲುಕ್ಕಿಸಿ ಮುಗಿಸ್ತೀವಿ. ಆಮೇಲೆ ನಿಮಗೆ ನೂರಿ ಹತ್ರ ಸಪರೇಟ್ ಪಾರ್ಟಿ." ಆಗಲಿ ಎಂದೆ. ಮನೆಯವರು ಮಾತ್ರ ಎಂದ ಮೇಲೆ ಬೇಜಾರು ಮಾಡಿಕೊಳ್ಳುವುದೇನಿದೆ.

ಆಮೇಲೆ ಒಂದು ಭಾನುವಾರ ದಿನಸಿ ಅಂಗಡಿಯಲ್ಲಿ ಧಾರವಾಡದ ಪ್ರಭಾಕರ ಸಿಕ್ಕ. ನಮ್ಮ ಕನ್ನಡದವರ ಬಳಗದವನು, ದೊಡ್ಡ ಗಂಟಲು. ಅಕ್ಕಿ ಮೂಟೆ ಹೆಗಲಿಗೇರಿಸಿಕೊಂಡೇ ಮಾತಾಡಿಸಿದ.

"ಏನ್ರೀ ಚೆಲುವರಾಜ್, ಶ್ರೀನಿ ಮನಿ ವಾಸ್ತುಶಾಂತಿಗೆ ನೀವ್ ಬರಲೇ ಇಲ್ಲಲ್ರಿ? ಇಡೀ ಬಳಗ ಬಂದಿತ್ತು. ಹಿತ್ತಲ್ದಾಗ ಟೆಂಟ್ ಹಾಕಿ ಎಲಿ ಊಟ ಹಾಕ್ಸಿದ್ರು. ಅವರ ಆಫೀಸಿನಾಕಿ, ಮಾರ್ಗರೆಟ್ ಅಂತ, ಸೀರಿ ಉಟ್ಕೊಂಡು ಪಂಕ್ತ್ಯಾಗ ಕುಂತು ಹೋಳಗಿ ಮ್ಯಾಲ ಹೋಳಗಿ ಹೊಡದ್ಲು. ಶ್ರೀನಿ ಅವ್ವಾರೇ ನಿಂತು ತುಪ್ಪಾ ಬಡಿಸಿದ್ರು. ನಿಮಗ ಆರಾಮ ಇರಲಿಲ್ಲಂತಲ್ಲ?"

"ಹೌದು, ಸ್ವಲ್ಪ ಆರಾಮ ಇರಲಿಲ್ಲ," ಎಂದೆ.

ಮನೆಗೆ ಬಂದು ಕೃಷ್ಣಮ್ಮನಿಗೆ ಹೇಳಬಾರದೆಂದುಕೊಂಡಿದ್ದೆ. ಅವಳ ಮುಂದೆ ನನ್ನ ಮುಖ ಯಾವಾಗ ಮಾತು ಕೇಳಿದೆ. ಎಲ್ಲ ಕೇಳಿದ ಮೇಲೆ ಅವಳು ಅಳಲಿಲ್ಲ. "ಆ ಪಾರ್ಟಿಗೆ ಹೋಗುವಾ," ಎಂದಳು. "ಊಟ ಆದ್ಮೇಲೆ ಕಾಫಿಗೆ ಕರೀತೀನಿ. ಐದು ನಿಮಿಷದ ದಾರಿ. ಬಂದ್ರೆ ನಾವು ತಿಳ್ಕೊಂಡಿದ್ದೇ ತಪ್ಪು ಅಂದ್ಕೊಳ್ಳೋಣ. ಬರದಿದ್ರೆ ಮುಗೀತು."

ಶನಿವಾರ ನೂರಿಯ ಹತ್ತಿರ ಸೇರಿದೆವು. ಶ್ರೀನಿಯ ತಾಯಿ ಬಂದಿರಲಿಲ್ಲ. ಸೂಪು ಬಂತು, ಬದನೆಕಾಯಿ ಬಂತು, ಇಮಾಮ್ ಈ ಸಲ ಉಪವಾಸದಿಂದ ಮೂರ್ಛೆ ಹೋದ. ಕೃಷ್ಣಮ್ಮ ಸೂಪಿನ ಬಟ್ಟಲು ಸರಿಸಿ ದೀಪದ ಕಂಬಗಳನ್ನು ಮಾಲಾಳ ಕೈಗೆ ಕೊಟ್ಟಳು. ಮಾಲಾ, "ಎಷ್ಟು ಚೆನ್ನಾಗಿವೆ," ಎಂದು ತಿರುಗಿಸಿ ತಿರುಗಿಸಿ ನೋಡಿದಳು. ನಾನು ಮಾತ್ರ ಏನೂ ಗೊತ್ತಿಲ್ಲದವನಂತೆ ನಗಿಸಿದೆ, ನಕ್ಕೆ. ಕೊನೆಗೆ ಕೃಷ್ಣಮ್ಮ ಹೇಳಿದಳು:

"ಅಣ್ಣಾ, ಇವತ್ತು ಕಾಫಿ ನಮ್ಮನೇಲಿ. ಡಿಕಾಕ್ಷನ್ ಇಳಿಸಿಟ್ಟು ಬಂದಿದೀನಿ."

"ಅಯ್ಯೋ, ಇವತ್ತು ಬೇಡ ಅತ್ತಿಗೆ. ಬೆಳಗ್ಗೆ ರಾಮ್‌ಗೆ ಸಾಕರ್ ಮ್ಯಾಚ್ ಇದೆ. ನೆಕ್ಸ್ಟ್ ಟೈಮ್ ಖಂಡಿತ."

"ಕುಡಿಯಕ್ಕೆ ಎಷ್ಟೊತ್ತು ಬೇಕಣ್ಣಾ?"

ಬಟ್ಟಲು ತೆಗೆಯುತ್ತಿದ್ದ ನೂರಿಗೆ ಕಾಫಿ ಎಂಬುದೊಂದು ತಿಳಿಯಿತು. ಶ್ರೀನಿಯ ಬೆನ್ನು ತಟ್ಟಿ, "ಗೋ, ಗೋ ಬ್ರದರ್. ಸಿಸ್ಟರ್ಸ್ ಕಾಫಿ ಬೆಟರ್ ದ್ಯಾನ್ ಮೈ ಟೀ," ಎಂದು ನಕ್ಕ. ಶ್ರೀನಿಯೂ ನಕ್ಕ. ನಕ್ಕು, "ನೋ ನೋ ನೂರಿ, ಬ್ರಿಂಗ್ ಟೀ ಫಾರ್ ಎವ್ರಿಬಡಿ," ಎಂದ.

ಬೆಳಗ್ಗೆ ಆಟವಿದೆ ಎಂದು ಅವಸರ ಮಾಡಿದವನು ಹೊಸದಾಗಿ ಟೀ ಹೇಳಿದ, ಬೋರ. ಮಾಲಾ ಪರ್ಸಿನೊಳಗೆ ಏನೋ ಹುಡುಕುತ್ತ ಕೂತಳು. ಕೃಷ್ಣಮ್ಮ ಗಾಜಿನೊಳಗೆ ಸುತ್ತುತ್ತಿದ್ದ ಮಾಂಸದ ಕಡೆ ಕೈತೋರಿಸಿ, ಸಣ್ಣ ದನಿಯಲ್ಲೇ ಕೇಳಿದಳು: "ಇಷ್ಟು ವರ್ಷ ಆ ಕುರಿ ಬೇಯೋ ಅಡುಗೆಮನೇಲಿ ಮಾಡಿದ ಅನ್ನ ಉಂಡ್ರಿ. ಅದೇ ಕೈ, ಅದೇ ಸೌಟು. ಯಾವತ್ತೂ ಪಾತ್ರೆ ಬೇರೇನಾ ಅಂತ ಕೇಳಲಿಲ್ಲ. ನನ್ನ ಕಾಫೀಲಿ ಏನೈತಣ್ಣಾ?"

"ಛೆ ಛೆ, ಎಂಥಾ ಮಾತು ಆಡ್ತೀರಿ," ಎಂದ ಶ್ರೀನಿ. ಆಮೇಲೆ ನನ್ನ ಕಡೆ ತಿರುಗಿದ. "ರಾಜ್, ನಿನಗೆ ಗೊತ್ತಲ್ಲ, ನಂಗೆ ಅದೆಲ್ಲ ಏನೂ ಇಲ್ಲ. ಅಮ್ಮಂಗೋಸ್ಕರ ಕಣೋ. ಮೊದಲಿಂದ ಅವರಿಗೆ ಮಾತು ಕೊಟ್ಟುಬಿಟ್ಟಿದೀನಿ. ವಯಸ್ಸಾದವರು. ಗೊತ್ತಾದ್ರೆ ನನ್ನ ಕೈಯಲ್ಲಿ ನೀರು ಮುಟ್ಟಲ್ಲ."

ಕೃಷ್ಣಮ್ಮ ಎದ್ದು ಕೋಟು ಹಾಕಿಕೊಂಡಳು. ಅನು ಅವಳ ಹಿಂದೆ ಹೋದಳು. ನಾನು ಟೀ ಮುಗಿಸಿ ಎದ್ದೆ.

ಮನೆಯಲ್ಲಿ ಅವಳು ಡಿಕಾಕ್ಷನ್ನನ್ನು ಬಚ್ಚಲಿಗೆ ಸುರಿದಳು. ನಾನು ಸಮಾಧಾನ ಹೇಳಹೋದೆ. ಆ ಮುದುಕಿ ಹಳೆಯ ಕಾಲದವರು, ಗಂಡನನ್ನು ಕಳೆದುಕೊಂಡವರು, ತಿಳಿದಂತೆ ಬದುಕಿದ್ದಾರೆ. ಶ್ರೀನಿ ಒಬ್ಬನೇ ಮಗ, ತಾಯಿಯ ಮಾತು ಮೀರಲಾರ. ಹೀಗೆಲ್ಲ ಹೇಳಿದೆ. ಅವಳು, "ನಿಮಗೆ ಬೈಯಕ್ಕೂ ಒಂದು ಮುದುಕೀನೇ ಬೇಕಾ?" ಎಂದಳು. ಆದರೂ ಆ ಸಮಾಧಾನವನ್ನು ಇಷ್ಟು ದಿನ ಹಿಡಿದುಕೊಂಡಿದ್ದೇನೆ. ಗೆಳೆತನವೊಂದು ಪೂರ್ತಿ ಸುಳ್ಳಾಗಿತ್ತು ಎನ್ನುವುದಕ್ಕಿಂತ, ನಡುವೆ ಒಬ್ಬ ತಾಯಿ ಇದ್ದರು ಎಂದುಕೊಳ್ಳುವುದು ಸುಲಭ. ಶ್ರೀನಿ ಆಮೇಲೆ ಫೋನ್ ಮಾಡಿಲ್ಲ. ನಾನೇ ಮಾಡೋಣವೇ ಎಂದು ಎರಡು ಮನಸ್ಸಾಗಿದೆ. ನೀನಾದರೆ ಏನು ಮಾಡುತ್ತಿದ್ದೆ, ಬರೆ.

ಇನ್ನು ಊರಿನ ವಿಷಯ. ನಿನ್ನ ಮಗಳು ಅನಸೂಯ ಬಿ.ಎಡ್. ಸೇರಿದ್ದು ಕೇಳಿ ಬಹಳ ಸಂತೋಷವಾಯಿತು. ಅವಳಿಗೆ ನನ್ನ ಆಶೀರ್ವಾದ. ಅಪ್ಪನಿಗಿಂತ ಕಡಿಮೆ ಹೊಡೆಯುವ ಟೀಚರಾಗಲಿ ಎಂದು ಹೇಳು. ನಿನ್ನ ತಾಯಿಯವರಿಗೆ ಇಬ್ಬರ ನಮಸ್ಕಾರ. ನಿಮ್ಮ ಮನೆಯ ಒಲೆ ಸದಾ ಉರಿಯುತ್ತಿರಲಿ, ಬಂದವರು ಉಂಡು ಹೋಗುವಂತಾಗಲಿ.

ಇಂತಿ ನಿನ್ನ
ಚೆಲುವ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದನ್ನು ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನ ಶ್ರೀನಿಯ ತಾಯಿ ತಾವೇ ಫೋನ್ ಮಾಡಿದರು. ಮುಂದಿನ ವಾರ ಮೈಸೂರಿಗೆ ಹೊರಟಿದ್ದಾರಂತೆ. ಕೃಷ್ಣಮ್ಮ ಎತ್ತಿಕೊಂಡಳು, ಅವರ ದನಿ ದೊಡ್ಡದು, ಪಕ್ಕದಲ್ಲಿ ನಿಂತಿದ್ದ ನನಗೂ ಕೇಳಿಸುತ್ತಿತ್ತು. "ಏನಮ್ಮಾ, ದೀಪದ ಕಂಬ ಕಳಿಸಿದೀಯ, ಮುಖ ಮಾತ್ರ ತೋರಿಸಲಿಲ್ಲವಲ್ಲ. ನಿಮ್ಮನೆಗೆ ಕರಕೊಂಡು ಹೋಗೋ ಅಂತ ಸೀನನಿಗೆ ಎಷ್ಟು ಸಲ ಹೇಳಿದೆ. ನೀವು ಬಹಳ ಆಚಾರವಂತರಂತೆ, ಬೇರೆಯವರನ್ನ ಒಳಗೆ ಸೇರಿಸಲ್ವಂತೆ, ಯಾರ ಮನೇಲೂ ನೀರೂ ಮುಟ್ಟಲ್ವಂತೆ. ಅದಕ್ಕೇ ಗೃಹಪ್ರವೇಶಕ್ಕೂ ಬರಲಿಲ್ಲ ಅಂದ. ಈ ದೇಶದಲ್ಲೂ ಅಷ್ಟು ನಡೆಸ್ಕೊಂಡು ಬಂದಿದೀರಲ್ಲ, ಮೆಚ್ಚಬೇಕಮ್ಮಾ. ನಿಮ್ಮದು ಯಾವ ಮಠ?"

ಅವರಿಗೆ ನಾವು ಯಾರೆಂದೇ ಗೊತ್ತಿಲ್ಲ, ಬೋರ. ಗೊತ್ತಾಗಿದ್ದರೆ ಬೇಡವೆನ್ನುತ್ತಿದ್ದರೋ, ಬರುತ್ತಿದ್ದರೋ. ಅದನ್ನು ಹೇಳುವ ಸರದಿಯನ್ನೇ ಮಗ ಅವರಿಗೆ ಕೊಟ್ಟಿರಲಿಲ್ಲ.

ಕೃಷ್ಣಮ್ಮ ನನ್ನ ಮುಖ ನೋಡಿದಳು. ಹೇಳಿಬಿಡು ಎಂದು ನಾನು ತಲೆ ಆಡಿಸಿದೆ. ಅವಳು, "ಹೌದಮ್ಮಾ, ನಮ್ಮದು ಸ್ವಲ್ಪ ಮಡಿ ಜಾಸ್ತಿ," ಎಂದಳು. "ಹುಷಾರಾಗಿ ಊರು ಸೇರ್ಕೊಳ್ಳಿ," ಎಂದು ಫೋನ್ ಇಟ್ಟಳು.