ಬಿಳಿ ತೊಟ್ಟಿಗೂ ಅರಿಸಿನ

೧೨ ಸೆಪ್ಟೆಂಬರ್ ೨೦೨೪, ಗುರುವಾರ

ಇವತ್ತೂ ಬಾಲ್ಕನಿ ತುಂಬ ಬೆಳ್ಳುಳ್ಳಿ. ಸುಲಿದು, ಹೆಚ್ಚಿ, ಸ್ಟೀಲ್ ತಟ್ಟೆಗಳಲ್ಲಿ ಹರಡಿದ್ದಾಯಿತು. ಕಾಗೆ ಕೂಡ ಹತ್ತಿರ ಬರುತ್ತಿಲ್ಲ. ಇಷ್ಟು ವರ್ಷ ದೆಹಲಿಯಲ್ಲಿ ಸಂಸಾರ ಮಾಡಿದರೂ ಮನೆಯೊಳಗೆ ಬಿಟ್ಟುಕೊಳ್ಳದ ಪದಾರ್ಥ. ಈಗ ಮೀನಿಗೋಸ್ಕರ ಒಣಗಿಸುತ್ತಿದ್ದೇನೆ! ಇವರು ಇದ್ದಿದ್ದರೆ ಪೇಪರ್ ಕೆಳಗಿಳಿಸಿ ಒಮ್ಮೆ ನೋಡಿ, ಮತ್ತೆ ಪೇಪರ್ ಏರಿಸುತ್ತಿದ್ದರು.

ಪಕ್ಕದ ಫ್ಲ್ಯಾಟಿನ ಭಲ್ಲಾ ಆಂಟಿ ಇಣುಕಿ ಕೇಳಿದರು — “ಸುಮಿತ್ರಾಜೀ, ಆಜ್ ಕ್ಯಾ ಬನ್ ರಹಾ ಹೈ?” ಇವತ್ತೇನು ಅಡುಗೆ ಎಂದು. ಮೀನಿಗೆ ಊಟ ಎಂದೆ. ನಕ್ಕರು. ನಂಬಲಿಲ್ಲ.

ಎಲ್ಲ ಹರಿಣಿಯ ಕೆಲಸ. ತಂಗಿ ಪದ್ಮನ ಮಗಳು. ಮೀನಿನ ಆಹಾರದ ಮೇಲೆ ಪಿಎಚ್.ಡಿ. ಫರೀದಾಬಾದಿನ ಈ ಮನೆಗೆ ಅವಳು ಬಂದ ಮೇಲೆ ನನಗೂ ಒಂದು ಉದ್ಯೋಗ. ಊರಾಚೆ ಮೀನು ಸಾಕುವವರ ಶೆಡ್ಡಿನಲ್ಲಿ ಅವಳ ತೊಟ್ಟಿಗಳು. ರೋಹು ಮರಿಗಳು. ಕೆಲವು ತೊಟ್ಟಿಗೆ ಹಳದಿ ಟೇಪ್ — ಅವುಗಳ ಊಟದಲ್ಲಿ ಅರಿಸಿನ, ಬೆಳ್ಳುಳ್ಳಿ ಪುಡಿ. ಕೆಲವಕ್ಕೆ ಬಿಳಿ ಟೇಪ್ — ಅವಕ್ಕೆ ಬರೀ ತೌಡು, ಹಿಂಡಿ, ಮೀನಿನ ಪುಡಿ.

ಈ ಕಡೆ ಕೊಳದವರು ಮೀನಿಗೆ ಹುಣ್ಣು ಕಂಡರೆ ಅಂಗಡಿಗೆ ಓಡಿ ಆಂಟಿಬಯೋಟಿಕ್ ತಂದು ಸುರಿಯುತ್ತಾರಂತೆ. “ಅದೇ ಮೀನನ್ನ ನಾವ್ ತಿಂತೀವಿ ದೊಡ್ಡಮ್ಮ. ಐ ಮೀನ್, ನೀನಲ್ಲ.” ಅದರ ಬದಲು ಅಡುಗೆಮನೆಯ ಸಾಮಾನಿನಿಂದಲೇ ಮೀನಿಗೆ ಶಕ್ತಿ ಬರುತ್ತದೆಯೇ ಎಂದು ನೋಡಬೇಕು ಅವಳಿಗೆ.

ಒಳ್ಳೆ ಕೆಲಸ. ಮನೆ ನಾರಿದರೂ ನಾರಲಿ.

೧೭ ಸೆಪ್ಟೆಂಬರ್, ಮಂಗಳವಾರ

ಹರಿಣಿಗೆ ಡೆಂಗ್ಯೂ. ರಿಪೋರ್ಟ್ ಬಂತು. ಕಣ್ಣು ಬಿಡಲಾರದೆ ಮಲಗಿದ್ದಾಳೆ, ಆದರೂ ಬಾಯಲ್ಲಿ ಮೀನೇ.

“ದೊಡ್ಡಮ್ಮ, ಫೀಡಿಂಗ್ ತಪ್ಪಬಾರದು. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಹಳದಿ ಟೇಪ್‌ಗೆ ಹಳದಿ ಡಬ್ಬ. ಬಿಳಿ ಟೇಪ್‌ಗೆ ಬಿಳಿ ಡಬ್ಬ. ಅಷ್ಟೇ.”

“ನಾನೇನು ಎಲ್‌ಕೆಜಿ ಮಗುನಾ?”

“ಶೆಡ್ಡಲ್ಲಿ ಮನೋಜ್ ಇರ್ತಾನೆ. ಆದ್ರೂ ನೀನೇ ನಿಂತು ಹಾಕ್ಸು, ಪ್ಲೀಸ್.”

ಅಷ್ಟು ಹೇಳುವಷ್ಟರಲ್ಲೇ ನಡುಕ ಬಂತು. ಗಂಜಿ ಎರಡು ಚಮಚ. ವಾಂತಿ.

೧೯ ಸೆಪ್ಟೆಂಬರ್, ಗುರುವಾರ

ಬೆಳಗ್ಗೆ ಭಲ್ಲಾ ಆಂಟಿಯನ್ನು ಹರಿಣಿಯ ಪಕ್ಕ ಕೂರಿಸಿ ಆಟೋ ಹಿಡಿದೆ. ಶೆಡ್ ನೋಡಿಕೊಳ್ಳುವ ಮನೋಜ್ ಗೇಟಿನಲ್ಲೇ ನಿಂತಿದ್ದ. ಹರಿಯಾಣದವನು, ಮಾತು ಒರಟು, ಮನಸ್ಸು ಮೆತ್ತಗೆ.

“ಆಓ ಅಮ್ಮಾಜಿ. ಬಚ್ಚೇ ಭೂಖೇ ಹೈಂ.” ಮಕ್ಕಳಿಗೆ ಹಸಿವಂತೆ!

ನಿಜಕ್ಕೂ ಮಕ್ಕಳೇ. ನೆರಳು ಬಿದ್ದ ಕೂಡಲೇ ಎಲ್ಲ ಮೇಲೆ ಬಂದವು, ಪುಟ್ಟ ಪುಟ್ಟ ದುಂಡು ಬಾಯಿ. ಮೀನೆಂದರೆ ಮಾರ್ಕೆಟ್ಟಿನಲ್ಲಿ ಮೂಗು ಮುಚ್ಚಿ ದಾಟುತ್ತಿದ್ದ ವಸ್ತು ನನಗೆ. ಅದಕ್ಕೆ ಹೀಗೊಂದು ಮುಖವಿದೆ ಎಂದು ಗೊತ್ತಿರಲಿಲ್ಲ.

ಹಳದಿಯವು ತಿಂದವು. ಬಿಳಿಯವೂ ತಿಂದವು, ಆದರೆ ತಿಂದ ಮೇಲೂ ಬಾಯಿ ತೆರೆದುಕೊಂಡೇ ಇದ್ದವು. ಪಕ್ಕದ ತೊಟ್ಟಿಯ ಘಮ ನೀರಿನ ಮೇಲೆ ಬರುತ್ತದೋ ಏನೋ.

ಮನೋಜ್ ಹೇಳಿದ — ಕೊನೆಗೆ ಮೇಡಂ ಎಲ್ಲಾ ತೊಟ್ಟಿಗೂ ರೋಗ ಬಿಡುತ್ತಾರೆ, ಯಾವುದು ಉಳಿಯುತ್ತದೆ ನೋಡಲು. ಮನೆಗೆ ಬಂದು ಹರಿಣಿಯ ಹಣೆ ಒರೆಸುತ್ತ ಕೇಳಿದೆ.

“ಹೌದು.”

“ಬಿಳಿಯವು?”

“ಜಾಸ್ತಿ ಹೋಗ್ಬಹುದು… ಅದಕ್ಕೇ ಅವನ್ನ ಇಟ್ಟಿರೋದು ದೊಡ್ಡಮ್ಮ.”

ಬಟ್ಟೆಯನ್ನು ಮತ್ತೆ ನೀರಿಗದ್ದಿದೆ. ಅವಳ ಮೈ ಕೆಂಡದ ಹಾಗೆ ಸುಡುತ್ತಿತ್ತು.

೨೨ ಸೆಪ್ಟೆಂಬರ್, ಭಾನುವಾರ

ಪ್ಲೇಟ್‌ಲೆಟ್ ಇನ್ನೂ ಏರಿಲ್ಲ. ಆಸ್ಪತ್ರೆ ಬೇಡ, ನಾಳೆ ನೋಡೋಣ ಎಂದರು ಡಾಕ್ಟರ್.

ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಾಗ ಗಣೇಶನ ಹಬ್ಬಕ್ಕೆ ಕನ್ನಡದವರೆಲ್ಲ ಸೇರಿ ಲಾನಿನಲ್ಲಿ ಊಟ. ಬಡಿಸುವ ಯಜಮಾನಿಕೆ ನನ್ನದು. ಅಂಡರ್ ಸೆಕ್ರೆಟರಿ ಕೂತಿರಲಿ, ಪ್ಯೂನ್ ಕೂತಿರಲಿ — ಮೊದಲನೇ ಎಲೆಗೆ ಬಿದ್ದದ್ದು ಕೊನೇ ಎಲೆಗೂ ಬೀಳಬೇಕು. ಒಂದು ಸಲ ತುಪ್ಪ ಸಾಲದೆ ಬಂದಾಗ ಯಾರಿಗೂ ಬಡಿಸದೆ ಪಾತ್ರೆ ಒಳಗಿಟ್ಟಿದ್ದೆ. ಸೆಕ್ರೆಟರಿ ಹೆಂಡತಿಗೆ ಸಿಟ್ಟು ಬಂತು. ಬರಲಿ ಅಂದೆ. ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬಡಿಸುವುದು ನನ್ನ ಕೈಯಿಂದ ಆಗದು.

ಇವತ್ತು ಆ ತೊಟ್ಟಿಗಳ ಸಾಲು ನೋಡಿದೆ. ಹಳದಿ, ಬಿಳಿ, ಹಳದಿ, ಬಿಳಿ. ಅಕ್ಕಪಕ್ಕ ಕೂತ ಹಾಗೇ. ರೋಗ ಎಲ್ಲರಿಗೂ, ಮದ್ದು ಮಾತ್ರ ಕೆಲವರಿಗೆ.

ಬಿಳಿಯವಕ್ಕೆ ಅವುಗಳ ಊಟ ಹಾಕಿದೆ. ಆಮೇಲೆ ಹಳದಿ ಡಬ್ಬದಿಂದ ಒಂದೊಂದು ಹಿಡಿ ಮೇಲೆ ಬಡಿಸಿದೆ. ತುಪ್ಪ ಬಡಿಸಿದ ಹಾಗೆ.

ಮನೋಜ್ ಪೈಪು ಹಿಡಿದು ನೋಡುತ್ತಿದ್ದ. “ಅಮ್ಮಾಜಿ, ಹಲ್ದೀವಾಲಾ ದೂಧ್ ಭೀ ಪಿಲಾಓಗೇ ಕ್ಯಾ?” ಅರಿಸಿನದ ಹಾಲೂ ಕುಡಿಸುತ್ತೀರಾ ಎಂದು ತಮಾಷೆ ಅವನಿಗೆ. ಸುಮ್ಮನಿರೋ ಎಂದೆ ಕನ್ನಡದಲ್ಲೇ. ಅರ್ಥವಾಯಿತು.

ಹರಿಣಿಗೆ ಹೇಳಬೇಕು. ಜ್ವರ ಇಳಿಯಲಿ.

೨೫ ಸೆಪ್ಟೆಂಬರ್, ಬುಧವಾರ

ಇಳಿಯಿತು! ಬೆಳಗ್ಗೆ ತಾನಾಗಿ “ಹಸಿವು” ಎಂದಳು. ತಿಳಿಸಾರು, ಅನ್ನ. ಕೂತು ತಿಂದಳು, ಗೋಡೆಗೆ ಒರಗಿಕೊಂಡು. ಕೈ ನೋಡಿದರೆ ಕಡ್ಡಿ.

ಹಳದಿ ಡಬ್ಬ ತಳ ಕಂಡಿತ್ತು. ನಾನೇ ಮಿಕ್ಸಿಯಲ್ಲಿ ಪುಡಿ ಮಾಡಿ, ಅವಳು ಹೇಳಿಕೊಟ್ಟಂತೆ ಎಣ್ಣೆ ಸವರಿ ಕಲಸಿಟ್ಟೆ. ಸ್ವಲ್ಪ ಜಾಸ್ತಿಯೇ ಮಾಡಿದೆ.

ಮೀನಿನ ವಿಷಯ ಹೇಳಲು ಹೋದೆ. ಅಷ್ಟರಲ್ಲಿ ಪದ್ಮನ ಫೋನ್, ಅವಳ ಅಳು, ಇವಳ ಸಮಾಧಾನ… ಮರೆತೇ ಹೋಯಿತು.

೬ ಅಕ್ಟೋಬರ್, ಭಾನುವಾರ

ಹರಿಣಿ ಶೆಡ್ಡಿಗೆ ಬಂದಳು. ಸ್ಟೂಲಿನ ಮೇಲೆ ಕೂತು ಮೀನುಗಳನ್ನು ತೂಗಿದಳು. ಬಿಳಿ ತೊಟ್ಟಿಯವನ್ನು ತೂಗಿ ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ತೂಗಿದಳು.

“ಇವೂ ಚೆನ್ನಾಗಿವೆ.”

“ಚೆನ್ನಾಗಿರ್ದೇ ಇನ್ನೇನು? ಯಾರು ನೋಡ್ಕೊಂಡಿರೋದು!”

ನಕ್ಕಳು. ನನಗೆ ಎಂಥ ಹೆಮ್ಮೆ. ಇನ್ನೂ ಸುಸ್ತು ಅವಳಿಗೆ, ಊಟ ಹಾಕುವ ಕೆಲಸ ನನಗೇ ಉಳಿಯಿತು. ಹೇಳಲಿಲ್ಲ. ಮರೆತದ್ದೇನೂ ಅಲ್ಲ ಈ ಸಲ. ಬೇಡ ಎಂದುಬಿಟ್ಟರೆ ಎಂದು.

೧೭ ಅಕ್ಟೋಬರ್, ಗುರುವಾರ

ಇವತ್ತು ರೋಗ ಬಿಟ್ಟರು. ಹರಿಣಿ, ಅವಳ ಕಾಲೇಜಿನಿಂದ ಬಂದ ಇಬ್ಬರು. ಗ್ಲೌಸು, ಮಾಸ್ಕು. ನಾನು ಹೊರಗೆ ಬೇವಿನ ಮರದ ಕೆಳಗೆ ಕೂತೆ. ಮನೋಜ್ ಚಹಾ ತಂದುಕೊಟ್ಟ. ಲೋಟದಲ್ಲೇ ಆರಿತು.

೨೪ ಅಕ್ಟೋಬರ್, ಗುರುವಾರ. ಮಧ್ಯಾಹ್ನ

ಬದುಕಿವೆ! ಬಿಳಿಯವೂ! ಅಲ್ಲೊಂದು ಇಲ್ಲೊಂದು ಹೋಯಿತು, ಅದು ಹಳದಿಯಲ್ಲೂ ಹೋಯಿತು. ಉಳಿದವೆಲ್ಲ ಪಟಪಟ ಬಾಲ ಬಡಿಯುತ್ತಿವೆ.

“ಹರಿಣೀ, ಪಾಯಸ ಮಾಡ್ಲೇನೇ ಇವತ್ತು?” ಎಂದು ತಿರುಗಿದರೆ ಮಗು ನೆಲದ ಮೇಲೆ ಕೂತುಬಿಟ್ಟಿದೆ. ಸತ್ತದ್ದು ಮೀನಲ್ಲ, ಇವಳ ಮನೆಯವರು ಯಾರೋ ಎಂಬಂತೆ.

“ಏನಾಯ್ತೇ?”

“ಎರಡೂ ಒಂದೇ ಆಯ್ತು ದೊಡ್ಡಮ್ಮ.”

“ಒಳ್ಳೇದೇ ಆಯ್ತಲ್ಲ?”

“ಬಿಳಿಯದು ಹೋಗಿ ಹಳದಿಯದು ಉಳಿದ್ರೆ ತಾನೇ ಅರಿಸಿನದಿಂದ ಉಳೀತು ಅಂತ ಗೊತ್ತಾಗೋದು? ಎರಡೂ ಸಮ ಬಂದ್ರೆ ಅರಿಸಿನ ವೇಸ್ಟು ಅಂತ ಅರ್ಥ. ಮೂರು ವರ್ಷ ಇದನ್ನೇ… ಗೈಡ್ ಸರ್‌ಗೆ ಏನ್ ಹೇಳ್ಲಿ?”

ಅದಕ್ಕೇ ಅವನ್ನ ಇಟ್ಟಿರೋದು ಎಂದಿದ್ದಳಲ್ಲ. ಇದಕ್ಕೇ.

ಆಮೇಲೆ ಎದ್ದು ಮನೋಜನನ್ನು ಕೇಳಿದಳು — ಡಬ್ಬ ಅದಲು ಬದಲು ಆಯಿತೇ? ಅವನು ನನ್ನ ಕಡೆ ನೋಡಲಿಲ್ಲ. ಚಪ್ಪಲಿಯಿಂದ ನೆಲ ಕೆರೆದ.

“ಹೋ ಸಕತಾ ಹೈ, ಮೇಡಂ. ಗಲತೀ ಹೋ ಗಯೀ ಹೋಗೀ ಮುಝಸೇ.” ತನ್ನಿಂದಲೇ ತಪ್ಪಾಗಿರಬಹುದು ಎಂದುಬಿಟ್ಟ.

ಹರಿಣಿ ಯಾರಿಗೂ ಜೋರಾಗಿ ಮಾತಾಡುವವಳಲ್ಲ. ಇವತ್ತು ಆಡಿದಳು. ಓದಿಲ್ಲದವರ ಕೈಗೆ ಕೊಟ್ಟರೆ ಹೀಗೇ ಎಂದೂ ಅಂದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಓದಿಲ್ಲದವಳು ನಾನು, ಪಕ್ಕದಲ್ಲೇ ನಿಂತಿದ್ದೆ.

ಬಾಯಿ ಬರಲಿಲ್ಲ. ಯಾಕೆ ಬರಲಿಲ್ಲ? ಅವಳು ನನ್ನನ್ನು ನೋಡುವ ನೋಟ ಇನ್ನು ಬೇರೆ ಆಗುತ್ತದೆ ಎಂಬ ಭಯ. ಈ ವಯಸ್ಸಿನಲ್ಲಿ ನನಗಿರುವುದು ಆ ನೋಟ ಒಂದೇ…

೨೫ ಅಕ್ಟೋಬರ್, ಶುಕ್ರವಾರ

ಹೇಳಿದೆ. ಅವಳು ಚಹಾ ಸೋಸುತ್ತಿದ್ದಾಗ, ಬೆನ್ನಿಗೆ.

“ಮನೋಜ್ ಅಲ್ಲ. ನಾನು.”

“ಏನ್ ನೀನು?”

“ಬಿಳಿಯವಕ್ಕೂ ಹಳದಿ ಊಟ ಹಾಕಿದ್ದು.”

ಸೋಸುವುದು ನಿಂತಿತು. “ಯಾವಾಗ?”

“ನಿಂಗೆ ಜ್ವರ ಬಂದಾಗಿಂದ.”

“ದಿನಾನಾ?”

“ದಿನಾ.”

ತಿರುಗಿದಳು. “ಯಾಕೆ ದೊಡ್ಡಮ್ಮ?”

ಪಂಕ್ತಿ, ಎಲೆ, ತುಪ್ಪ ಎಲ್ಲ ನಾಲಗೆ ತುದಿಗೆ ಬಂತು. ಆಡಿದ್ದು ಮಾತ್ರ — “ಅವೂ ಬಾಯಿ ತೆಗೀತಿದ್ವು ಕಣೇ.”

ನಕ್ಕಳು. ಮರುಕ್ಷಣ ಅದು ನಗುವಾಗಿ ಉಳಿಯಲಿಲ್ಲ. ನನ್ನ ಕೈಗೂ ಏನು ಮಾಡಬೇಕೆಂದು ತಿಳಿಯದೆ ಸೋಸಣಿಗೆ ತೆಗೆದು ತೊಳೆಯುತ್ತ ನಿಂತೆ.

“ಹಾಗಾದ್ರೆ ಅರಿಸಿನ ಕೆಲಸ ಮಾಡಿತಾ?” ಎಂದೆ, ಏನಾದರೂ ಒಳ್ಳೆಯದು ಉಳಿದಿರಲಿ ಎಂದು.

“ಮಾಡಿರಬಹುದು. ಅಥವಾ ರೋಗಾನೇ ಸರಿಯಾಗಿ ಹತ್ತಿಲ್ಲದೆ ಇರಬಹುದು. ಯಾರಿಗ್ ಗೊತ್ತು? ಗೊತ್ತಾಗೋಕೆ ಒಬ್ಬರಾದ್ರೂ ತಿನ್ನದೆ ಇರ್ಬೇಕಿತ್ತು.”

ಚಹಾ ಕುಡಿಯದೆ ಹೋದಳು. ಹೋಗುವ ಮುಂಚೆ ಬಾಲ್ಕನಿಯಲ್ಲಿ ನಿಂತು ಮನೋಜನಿಗೆ ಫೋನ್ ಮಾಡಿದ್ದು ಕೇಳಿಸಿತು. ಮೂರು ಸಲ “ಸಾರಿ ಭಯ್ಯಾ” ಎಂದಳು.

೩ ನವೆಂಬರ್, ಭಾನುವಾರ

ದೀಪಾವಳಿ ಹೋಯಿತು. ಹೊಗೆ. ಎದುರಿನ ಬಿಲ್ಡಿಂಗ್ ಕಾಣುವುದಿಲ್ಲ. ಊಟದ ಡಬ್ಬಿ ಕೊಟ್ಟರೆ ಹರಿಣಿ ತೆಗೆದುಕೊಳ್ಳುತ್ತಾಳೆ. ಕೇಳಿದ್ದಕ್ಕೆ ಉತ್ತರ. ಹೂಂ, ಊಹೂಂ, ತಿಂದೆ. ಕೇಳದಿದ್ದರೆ ಇಲ್ಲ.

ತಟ್ಟೆಗಳನ್ನು ತೊಳೆದು ಮೇಲಿಟ್ಟೆ. ಮನೆಯಲ್ಲಿ ಬೆಳ್ಳುಳ್ಳಿ ವಾಸನೆ ಪೂರ್ತಿ ಹೋಗಿದೆ. ಚೆನ್ನಾಗಿಲ್ಲ.

೧೧ ನವೆಂಬರ್, ಸೋಮವಾರ

ಸಂಜೆ ಬಂದವಳೇ ಬ್ಯಾಗಿಟ್ಟು ನನ್ನ ಮಂಚದ ತುದಿಗೆ ಕೂತಳು.

“ಸರ್ ಬೈದ್ರು. ಎಲ್ಲಾ ಮೊದಲಿಂದ ಮಾಡ್ಬೇಕು. ಈಗ ಚಳಿ, ಮೀನು ತಿನ್ನಲ್ಲ. ಮಾರ್ಚ್‌ಗೆ.”

“ನನ್ನ ಹೆಸರು ಹೇಳಿದ್ಯಾ?”

“ಫೀಡಿಂಗ್ ಎರರ್ ಅಂದೆ. ಯಾರ್ದು ಅಂತ ಕೇಳಿದ್ರು. ನಂದು ಅಂದೆ. ನಾನ್ ಸರಿಯಾಗಿ ಹೇಳಿರಲಿಲ್ಲ ಅಲ್ವಾ, ಯಾಕೆ ಅಂತ.”

ಸೆರಗು ಕಣ್ಣಿಗೆ ಹೋಯಿತು. ಅವಳು ನೋಡದವಳಂತೆ ನನ್ನ ಶಾಲಿನ ಎಳೆ ಎಳೆಯುತ್ತ ಕೂತಳು.

“ಮಾರ್ಚ್‌ನಲ್ಲಿ ಬರ್ತೀಯಾ?”

“ನಾನಾ? ಬೇಡಮ್ಮ. ಮನೋಜ್ ಇದ್ದಾನಲ್ಲ.”

“ಮನೋಜ್ ಇರ್ತಾನೆ ಅಂತ ಗೊತ್ತು. ನೀನು ಬರ್ತೀಯಾ ಅಂತ ಕೇಳಿದೆ.”

೨೩ ಮಾರ್ಚ್ ೨೦೨೫, ಭಾನುವಾರ

ಹೊಸ ಮರಿಗಳು ಬಂದವು. ಬೆರಳುದ್ದ. ಮತ್ತೆ ಹಳದಿ, ಬಿಳಿ. ಹೋಗುತ್ತಿದ್ದೇನೆ. ಬಿಳಿಯವಕ್ಕೆ ಹಾಕುವಾಗ ಅವುಗಳ ಮುಖ ನೋಡುವುದಿಲ್ಲ, ಕೈ ಮಾತ್ರ ನೋಡುತ್ತೇನೆ. ಮನೋಜನಿಗೆ ಗೊತ್ತು. ಆಗ ಮಾತಾಡಿಸುವುದಿಲ್ಲ.

೨೬ ಮೇ, ಸೋಮವಾರ

ರೋಗ ಬಿಟ್ಟು ಆಗಿದೆ. ಹಳದಿ ತೊಟ್ಟಿಗಳಲ್ಲಿ ಓಡಾಟ. ಬಿಳಿಯವುಗಳಲ್ಲಿ ಬೆಳಗ್ಗೆ ಮನೋಜ್ ಬಲೆಯಿಂದ ಎತ್ತಿ ಎತ್ತಿ ಬಕೆಟ್ಟಿಗೆ ಹಾಕಿದ. ಹರಿಣಿ ಬರೆದುಕೊಂಡಳು. ಲೆಕ್ಕವನ್ನು ಎರಡೆರಡು ಸಲ ಕೂಡಿ ನೋಡಿದಳು, ಸಂತೋಷಕ್ಕೆ. ಅವಳಿಗೆ ಬೇಕಾದದ್ದು ಬಂದಿದೆ. ನನ್ನ ಮುಖ ನೋಡಿ ಆ ಸಂತೋಷವನ್ನು ಮಡಚಿಟ್ಟುಕೊಂಡಳು, ಪಾಪ.

“ಇವತ್ತು ನಾನ್ ಹಾಕ್ತೀನಿ ದೊಡ್ಡಮ್ಮ, ಹೊರಗೆ ಕೂತಿರು.”

“ಬೇಡ. ನಾನೇ.”

ಬಿಳಿ ಡಬ್ಬ ತೆರೆದೆ. ಹಳದಿ ಡಬ್ಬ ಪಕ್ಕದಲ್ಲೇ, ಮುಚ್ಚಳ ಸಡಿಲ. ಹರಿಣಿ ಬೇಕೆಂದೇ ಬೆನ್ನು ತಿರುಗಿಸಿ ನಿಂತಳು. ಅಷ್ಟು ನಂಬಿಕೆ. ಬರೀ ತೌಡು, ಹಿಂಡಿ — ಅದನ್ನೇ ಹಾಕಿದೆ. ಉಳಿದವು ಮೆಲ್ಲಗೆ ಮೇಲೆ ಬಂದವು. ಇವತ್ತು ಮುಖ ನೋಡಿದೆ. ನೋಡದೆ ಬಡಿಸುವುದು ಇನ್ನೂ ದೊಡ್ಡ ತಪ್ಪೆನಿಸಿತು.

ಒಂದು ಮಾತ್ರ ಬರಲಿಲ್ಲ. ಮೂಲೆಯಲ್ಲಿ ಓರೆಯಾಗಿ, ಕಿವಿರು ಆಡಿಸುತ್ತ. ಗ್ಲೌಸಿನ ಕೈ ನೀರಿಗಿಳಿಸಿ ಒಂದು ಕಾಳು ಅದರ ಬಾಯ ಹತ್ತಿರ ಹಿಡಿದೆ. ಹಿಡಿದೇ ಇದ್ದೆ. ಆಮೇಲೆ ತೆಗೆದುಕೊಂಡಿತು.

“ಹರಿಣೀ, ಹೀಗೆ ಕೈಯಲ್ಲಿ ತಿನ್ನಿಸಿದ್ರೆ ಲೆಕ್ಕ ಕೆಡುತ್ತೇನೇ?”

ತಿರುಗಿದಳು. ನನ್ನ ಕೈ ನೋಡಿದಳು, ಮೀನು ನೋಡಿದಳು. ಪೆನ್ನು ಜೇಬಿಗಿಟ್ಟು, ತಾನೂ ತೊಟ್ಟಿಯ ಪಕ್ಕ ಮಂಡಿಯೂರಿ, ಬಿಳಿ ಡಬ್ಬದಿಂದ ಒಂದು ಕಾಳು ಎತ್ತಿಕೊಂಡಳು.