ಹಿತ್ತಲಿನ ಮೊದಲ ಮೆಂತ್ಯೆ ಪಲ್ಲೆ

ವಿಜಯಪುರ
೧೫ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಅವ್ವಾರೆ,

ನಿಮ್ಮ ಮೊಣಕಾಲು ಈಗ ಹೇಗಿದೆ? ಬಿಜ್ಜರಗಿಯ ಚಳಿಗೆ ಹಿಡಿದುಕೊಳ್ಳುತ್ತಿದೆಯೇ? ಬಿಸಿಲೇರುವ ಮುಂಚೆ ಆಡುಗಳ ಹಿಂದೆ ಹೊರಡಬೇಡಿ. ಫೋನಿನಲ್ಲಿ ನಾನು ಹೇಳಿದ್ದು ನಿಮಗೆ ಅರ್ಧ ಕೇಳಿಸುವುದಿಲ್ಲ, ಸುಮ್ಮನೆ ಹೂಂಗುಟ್ಟಿ ಇಟ್ಟುಬಿಡುತ್ತೀರಿ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅಳಿಯಂದಿರೂ ಮಕ್ಕಳೂ ಚೆನ್ನಾಗಿದ್ದಾರೆ.

ದೀಪಾವಳಿಗೆ ನೀವು ಸೆರಗಿನಲ್ಲಿ ಕಟ್ಟಿಕೊಂಡು ತಂದ ಬೀಜಗಳನ್ನು ಹಿತ್ತಲಲ್ಲಿ ಹಾಕಿದೆವು. ನಮ್ಮ ಹಿತ್ತಲು ನಿಮಗೆ ಗೊತ್ತೇ ಇದೆ, ಸಲಿಕೆ ಹಾಕಿದರೆ ಬರೀ ಕಲ್ಲು. ಇವರ ಶಾಲೆಯ ಗುರಲಿಂಗಪ್ಪ ಮಾಸ್ತರರು ಭೂತನಾಳದ ತಮ್ಮ ಹೊಲದಿಂದ ಕರಿಮಣ್ಣು ಕಳಿಸಿಕೊಟ್ಟರು. ಜಾಗ ಅಗೆಯಲು ನಾನು ಕರಿಬೇವಿನ ಗಿಡದ ಹತ್ತಿರ ಹೋದದ್ದೇ ತಡ, ಗೌತಮಿ ಓಡಿ ಬಂದು ಎರಡೂ ಕೈ ಚಾಚಿ ಅಡ್ಡ ನಿಂತಳು. "ಇದನ್ನ ನಮ್ಮವ್ವ ಹಚ್ಚ್ಯಾಳ. ಇದಕ್ಕ ಸಲಿಕಿ ತಾಗಸಬ್ಯಾಡ್ರಿ!" ಎಂದಳು. ಎಂಟು ವರ್ಷದ ಹುಡುಗಿ. ನಿಮ್ಮ ಆರತಿ ತೀರಿಕೊಳ್ಳುವ ಮುಂಚೆ ನೆಟ್ಟ ಗಿಡವೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಸಲಿಕೆ ಕೆಳಗಿಟ್ಟು, "ಹಂಗಾರ ನೀನs ಗೆರಿ ಹಾಕವ್ವಾ, ಎಲ್ಲಿಂದ ತೋಡೂಣು ಹೇಳು" ಎಂದೆ. ಅವಳು ಕಟ್ಟಿಗೆಯಿಂದ ಗಿಡಕ್ಕೆ ದೂರವಾಗಿ ಗೆರೆ ಎಳೆದಳು. ಮಡಿ ಸೌತೆಕಾಯಿಯಂತೆ ಸೊಟ್ಟಗಾಗಿದೆ. ಇರಲಿ ಬಿಡಿ.

ಅವಳ ತಮ್ಮ ಅಪ್ಪುವಿನದು ಬೇರೆಯೇ ಕಥೆ. ದಿನಾ ಎದ್ದವನೇ ಮಣ್ಣು ಕೆದರಿ ಬೀಜ ಹೊರಗೆ ತೆಗೆಯುತ್ತಿದ್ದ. ಕೇಳಿದರೆ, "ಒಳಗ ಏನ್ ಮಾಡಾಕತ್ತಾವ ನೋಡಾಕತ್ತೇನಿ" ಅನ್ನುತ್ತಾನೆ! ಅಕ್ಕ ಬೈದಳು, ಇವನು ಅತ್ತ. ಕೊನೆಗೆ ಒಂದು ಒಡಕು ಬುಟ್ಟಿಗೆ ಮಣ್ಣು ತುಂಬಿ, ಇದು ನಿನ್ನ ಹೊಲ, ಬೇಕಾದಷ್ಟು ಕೆದರು ಎಂದು ಕೊಟ್ಟೆ. ಅದರಲ್ಲಿ ಏನೂ ಹುಟ್ಟಿಲ್ಲ, ಆದರೆ ನೀರಿಗೇನೂ ಕಡಿಮೆ ಇಲ್ಲ. ನನ್ನ ಸೀರೆಯೂ ದಿನಾ ತೊಯ್ಯುತ್ತದೆ.

ಹೋದ ವರ್ಷ ನಾನು ಈ ಮನೆಗೆ ಬಂದಾಗ, ಆರತಿಯನ್ನು ಹೆತ್ತ ನೀವೇ ನನ್ನ ಗಲ್ಲ ಹಿಡಿದು "ನನಗ ಅವ್ವಾ ಅಂತನs ಕರಿಬೇ" ಎಂದಿರಿ. ನಾನು ಅಂದಿನಿಂದ ಕರೆಯುತ್ತಿದ್ದೇನೆ. ಗೌತಮಿ ಮಾತ್ರ ನನ್ನನ್ನು ಇನ್ನೂ ಏನೆಂದೂ ಕರೆದಿಲ್ಲ. ನಾನೂ ಒತ್ತಾಯ ಮಾಡಿಲ್ಲ. ನಿನ್ನೆ ಅವಳೇ ಮೆಂತ್ಯೆ ಕಿತ್ತು, ತೊಳೆದು, ಊಟಕ್ಕೆ ಕುಳಿತಾಗ ಹಸಿ ಪಲ್ಲೆ ಹಂಚಿದಳು. ಅಪ್ಪನಿಗೆ, ತಮ್ಮನಿಗೆ, ತನಗೆ. ಉಳಿದದ್ದನ್ನು ತಂದು ನನ್ನ ರೊಟ್ಟಿಯ ಮೇಲಿಟ್ಟಳು. "ತಿನ್ರಿ. ಶೇಂಗಾ ಚಟ್ನಿ ಜೋಡಿ ಚಲೋ ಹತ್ತತೈತಿ" ಎಂದಳು. ಅಷ್ಟೇ. ನಾನು ನೀರು ತರುವ ನೆಪದಲ್ಲಿ ಒಳಗೆ ಎದ್ದು ಹೋದೆ. ಬಂದು ನೋಡಿದರೆ ನನ್ನ ಪಾಲಿಗೆ ಅಪ್ಪು ಕೈ ಹಾಕುತ್ತಿದ್ದ, ಇವಳು ಅವನ ಕೈಗೆ ಹೊಡೆಯುತ್ತಿದ್ದಳು.

ಎಳ್ಳಮಾವಾಸ್ಯೆಗೆ ತಪ್ಪದೆ ಬನ್ನಿ. ಇವರು ತಿಕೋಟಾದ ತನಕ ಬಂದು ಕರೆದುಕೊಂಡು ಬರುತ್ತಾರೆ. ಕೆಳಗಿನ ಕಪ್ಪು ಗುರುತು ಕಲೆಯಲ್ಲ, ಅಪ್ಪು ತನ್ನ ಸಹಿ ಎಂದು ಮಣ್ಣಿನ ಬೆರಳು ಒತ್ತಿದ್ದಾನೆ. ನಿಮ್ಮ ಪಾದಕ್ಕೆ ನಮ್ಮೆಲ್ಲರ ನಮಸ್ಕಾರ.

ನಿಮ್ಮ
ರೇಣುಕಾ

ತಾ. ಕ.: ಹೇಳಬೇಕಾದ್ದನ್ನೇ ಬಿಟ್ಟೆ. ನನಗೀಗ ಮೂರು ತಿಂಗಳು. ಇವರೊಬ್ಬರಿಗೇ ಗೊತ್ತು. ಗೌತಮಿಗೆ ಹೇಳುವಾಗ ನೀವು ಅವಳ ಪಕ್ಕದಲ್ಲಿ ಕುಳಿತಿರಬೇಕು, ಇಲ್ಲದಿದ್ದರೆ ಅವಳು ಹೆದರುತ್ತಾಳೆ. ಬಾಣಂತನಕ್ಕೆ ನನ್ನ ತವರಿನವರು ಕರೆದೇ ಕರೆಯುತ್ತಾರೆ. ಆದರೆ ಈ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಬಿಜ್ಜರಗಿಗೇ ಬರಬೇಕೆಂದು ನನ್ನ ಆಸೆ. ಹುಟ್ಟುವ ಕೂಸೂ ಸೇರಿ ಮೂವರು ಮೊಮ್ಮಕ್ಕಳಿಗೂ ನೀವೇ ಆಯಿ ಆಗಬೇಕು. ನನ್ನ ಬಾಣಂತನ ಮಾಡುತ್ತೀರಾ, ಅವ್ವಾ?