ಗುರುವಾರದ ರಕ್ತ

ಕೈಗಾರಿಕಾ ಆರೋಗ್ಯ ತಪಾಸಣೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮೂವತ್ತೊಂದು ಜನ ಕಾರ್ಮಿಕರ ರಕ್ತವನ್ನು ಗುರುವಾರ ತೆಗೆದದ್ದೇಕೆ ಎಂದು ಕೇಳಿ ನನಗೆ ನೋಟಿಸು ಕಳಿಸಿದ್ದೀರಿ. ಏಳು ದಿನದೊಳಗೆ ಲಿಖಿತ ಉತ್ತರ ಬೇಕಂತೆ. ಲಕೋಟೆಯಲ್ಲಿ ಕೊಟ್ಟರೆ ಅದು ನಿಮ್ಮ ಕಪಾಟಿನಲ್ಲಿ ಹಾಯಾಗಿ ಮಲಗುತ್ತದೆ. ಅದಕ್ಕೇ ಎಲ್ಲರೆದುರು ಕೊಡುತ್ತಿದ್ದೇನೆ. ಗುರುವಾರ ಯಾಕೆ ತೆಗೆದೆನೆಂದರೆ, ಗುರುವಾರ ಅವರು ಕೆಲಸದಲ್ಲಿದ್ದರು. ನೀವು ಒಂಬತ್ತು ವರ್ಷದಿಂದ ತೆಗೆಸುತ್ತಿರುವುದು ರಜೆಯ ರಕ್ತ. ಅದನ್ನು ನೋಡಿ ‘ಸಹಜ’ ಎಂದು ಮೊಹರು ಒತ್ತುತ್ತಿದ್ದೀರಿ. ಆ ಮೊಹರಿನ ಮರೆಯಲ್ಲಿ ನನ್ನ ತಮ್ಮನ ಯಕೃತ್ತು ಹಾಳಾಗುತ್ತಿದೆ.

ನಿಮಗೆ ಗೊತ್ತಿದ್ದರೂ ಓದುವ ಉಳಿದವರಿಗಾಗಿ ಹೇಳಬೇಕು. ನಾನು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ತೆಗೆಯುವವಳು. ಕೃತಕ ಚರ್ಮದ ಕಾರ್ಖಾನೆಯ ವಾರ್ಷಿಕ ತಪಾಸಣೆಗೆ ಪ್ರತಿವರ್ಷ ನನ್ನನ್ನೇ ಕಳಿಸುತ್ತಾರೆ. ಅಲ್ಲಿ ಬಟ್ಟೆಗೆ ಅಂಟಿನಂಥ ಲೇಪ ಹಚ್ಚಿ, ಕಾಯಿಸಿ, ಸೋಫಾಕ್ಕೂ ಕೈಚೀಲಕ್ಕೂ ಬೇಕಾದ ಹಾಳೆ ಮಾಡುತ್ತಾರೆ. ಲೇಪವನ್ನು ತೆಳುವಾಗಿಸುವ ದ್ರಾವಕ ಉಸಿರಿನಲ್ಲೂ ಒಳಗೆ ಹೋಗುತ್ತದೆ, ಕೈಯ ಚರ್ಮದಿಂದಲೂ ಇಳಿಯುತ್ತದೆ. ಅದರ ಪೆಟ್ಟು ಬೀಳುವುದು ಯಕೃತ್ತಿಗೆ. ಯಕೃತ್ತೋ ಬಹಳ ಸಂಭಾವಿತ ಅಂಗ. ಅರ್ಧ ಸತ್ತರೂ ನೋವೆಂದು ಕೂಗುವುದಿಲ್ಲ. ಆದರೆ ಅದರ ಜೀವಕೋಶಗಳು ಒಡೆದಾಗ ಒಳಗಿದ್ದ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಎಎಲ್‌ಟಿ ಎಂಬುದು ಅಂಥದೊಂದು ಕಿಣ್ವ. ಕಣ್ಣು ಹಳದಿಯಾಗುವುದಕ್ಕೆ, ಕಾಲು ಬಾತುಕೊಳ್ಳುವುದಕ್ಕೆ ಎಷ್ಟೋ ಮೊದಲೇ ಅದು ಸುದ್ದಿ ಮುಟ್ಟಿಸುತ್ತದೆ, ಕೇಳುವವರಿದ್ದರೆ.

ಕೇಳುವವರು ಯಾವಾಗ ಕೇಳುತ್ತಾರೆ? ವರ್ಷಕ್ಕೊಮ್ಮೆ ಯಂತ್ರ ತೊಳೆಯಲು ಕಾರ್ಖಾನೆಯನ್ನು ಹನ್ನೆರಡು ದಿನ ಮುಚ್ಚುತ್ತಾರೆ. ಕಾರ್ಮಿಕರು ಮನೆಯಲ್ಲಿ ಉಂಡು, ಮಲಗಿ, ಒಳ್ಳೆಯ ಗಾಳಿ ಕುಡಿದು ಬರುತ್ತಾರೆ. ಹದಿಮೂರನೆಯ ಬೆಳಗ್ಗೆ ಯಂತ್ರಗಳು ಇನ್ನೂ ಬಿಸಿಯಾಗುತ್ತಿರುವಾಗ ಊಟದ ಕೋಣೆಯಲ್ಲಿ ಸಾಲು ನಿಲ್ಲಿಸಿ ಸೂಜಿ ಚುಚ್ಚುತ್ತೇವೆ. ಸೋರಿದ ಕಿಣ್ವ ಕೆಲವು ದಿನಗಳಲ್ಲೇ ರಕ್ತದಿಂದ ಕರಗಿಹೋಗುತ್ತದೆ ಎಂದು ಪಾಠ ಓದಿದವರು ನೀವು. ನೆಲ ಒರೆಸಿ, ಒಣಗಿಸಿ, ಬಿಸಿಲು ಬಂದ ಮೇಲೆ ಸೂರು ಸೋರುತ್ತದೆಯೇ ಎಂದು ನೋಡಿದರೆ ಯಾವ ಮನೆ ಸೋರೀತು?

ನನ್ನ ತಮ್ಮ ನಾಲ್ಕು ವರ್ಷದಿಂದ ಲೇಪನ ವಿಭಾಗದಲ್ಲಿದ್ದಾನೆ. ಕಳೆದ ತಿಂಗಳು ಒಂದು ಗುರುವಾರ ಪಾಳಿ ಮುಗಿಸಿ ನೇರ ನನ್ನ ಪ್ರಯೋಗಾಲಯಕ್ಕೆ ಬಂದ. ತಟ್ಟೆ ನೆಕ್ಕಿ ಏಳುವವನು ಹದಿನೈದು ದಿನದಿಂದ ಊಟ ಬಿಟ್ಟಿದ್ದ. ಮೆಟ್ಟಿಲು ಹತ್ತಿದ್ದಕ್ಕೇ ಸುಸ್ತಾಗಿ ಬೆಂಚಿನ ಮೇಲೆ ಕುಕ್ಕರಿಸಿದ. “ಏನೂ ಇಲ್ಲ ಅಕ್ಕಾ, ನಿದ್ದೆ ಕಮ್ಮಿ ಆಗಿರ್ಬೇಕು,” ಅಂದ. ನಾನು ತೋಳಿಗೆ ಪಟ್ಟಿ ಬಿಗಿದೆ. ಎಎಲ್‌ಟಿ ನೂರ ನಲವತ್ತೆಂಟು ಬಂತು. ಮಿತಿ ಇರುವುದು ನಲವತ್ತು. ಯಂತ್ರ ಕೆಟ್ಟಿದೆ ಎಂದುಕೊಂಡು ಮತ್ತೆ ಓಡಿಸಿದೆ. ಯಂತ್ರ ಚೆನ್ನಾಗಿಯೇ ಇತ್ತು.

ಅವನ ಹಳೆಯ ವರದಿಗಳು ನಿಮ್ಮ ಕಚೇರಿಯಲ್ಲಿಲ್ಲ. ಹೊಸ ಹಾಳೆ ಬಂದ ಕೂಡಲೇ ಹಳೆಯದನ್ನು ಬಿಸಾಡುವುದು ನಿಮ್ಮ ಪದ್ಧತಿ. ಪುಣ್ಯಕ್ಕೆ ಅವನ ಹೆಂಡತಿ ನಾಲ್ಕನ್ನೂ ಬೀರುವಿನಲ್ಲಿ ಸೀರೆಗಳ ಕೆಳಗೆ ಮಡಚಿಟ್ಟಿದ್ದಳು. ಮೊದಲ ವರ್ಷ ಹದಿನೇಳು, ಆಮೇಲೆ ಇಪ್ಪತ್ತೆರಡು, ಇಪ್ಪತ್ತೊಂಬತ್ತು, ಈ ವರ್ಷ ಮೂವತ್ತಾರು. ಪ್ರತಿ ಹಾಳೆಯ ಮೇಲೂ ನಿಮ್ಮ ನೀಲಿ ಮೊಹರು: ಸಹಜ. ಹನ್ನೆರಡು ದಿನ ವಿಶ್ರಾಂತಿ ಕೊಟ್ಟ ಮೇಲೂ ಏರುತ್ತಲೇ ಇದ್ದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಡಾಕ್ಟರಿಕೆ ಓದಬೇಕೇ? ಏಳನೆಯ ಕ್ಲಾಸು ಓದಿದ ಅವನ ಹೆಂಡತಿ ಬೆರಳಿಟ್ಟು ಕೇಳಿದಳು, “ಅಕ್ಕಾ, ಇದು ಮೇಲಕ್ಕೇ ಹೋಗ್ತಿದೆಯಲ್ಲ, ಯಾರೂ ನೋಡ್ಲಿಲ್ವಾ?” ಆ ನಾಲ್ಕು ಸಲವೂ ಅವನ ರಕ್ತ ತೆಗೆದವಳು ನಾನೇ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ನೀವು ನಕ್ಕು, “ಕುಡೀತಾರಮ್ಮ ಅವರೆಲ್ಲ, ನಿಮಗೆ ಗೊತ್ತಾಗಲ್ಲ,” ಅಂದಿರಿ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ಕೇಳಿ. ಲೇಪನ ವಿಭಾಗದವರಲ್ಲಿ ಬಹುತೇಕರು ಕುಡಿಯುವುದಿಲ್ಲ. ಸದ್ಗುಣದಿಂದಲ್ಲ, ಆಗುವುದಿಲ್ಲ. ಆ ದ್ರಾವಕ ಮೈಯಲ್ಲಿರುವಾಗ ಅರ್ಧ ಲೋಟ ಬಿಯರ್ ಇಳಿದರೂ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತಿಂದದ್ದೆಲ್ಲ ಹೊರಗೆ ಬರುತ್ತದೆ. ಅಲ್ಲಿನ ಮೇಸ್ತ್ರಿ ಹೊಸಬರಿಗೆಲ್ಲ ಇದೇ ಜೋಕು ಹೇಳುತ್ತಾನೆ: “ಹೆಂಡ್ತಿ ಅತ್ತು ಕರೆದು ಬಿಡಿಸೋಕಾಗದ್ದನ್ನ ನಮ್ಮ ಮಷಿನ್ ಒಂದೇ ತಿಂಗಳಲ್ಲಿ ಬಿಡಿಸತ್ತೆ!” ಇಡೀ ಕಾರ್ಖಾನೆ ವರ್ಷಗಟ್ಟಲೆ ನಕ್ಕಿದೆ. ನಾನೂ ನಕ್ಕಿದ್ದೇನೆ. ಅದು ಜೋಕಲ್ಲ, ರೋಗಲಕ್ಷಣ ಎಂದು ಹೇಳಬೇಕಾದವರು ನೀವು. ಹೇಳುವುದು ಹೋಗಲಿ, ಕುಡಿಯಲಾಗದವರಿಗೆ ಕುಡುಕರೆಂಬ ಪಟ್ಟ ಕಟ್ಟಿದಿರಿ.

ಈಗ ನನ್ನ ತಪ್ಪಿನ ಮಾತು. ನೀವು ಎತ್ತಿ ತೋರಿಸುವ ಮೊದಲೇ ನಾನೇ ಹೇಳಿಬಿಡುತ್ತೇನೆ. ರಜೆ ಮುಗಿದ ಬೆಳಗ್ಗೆ ತಪಾಸಣೆ ಮಾಡೋಣ ಎಂದು ಒಂಬತ್ತು ವರ್ಷದ ಹಿಂದೆ ಸೂಚಿಸಿದವಳು ನಾನು. ಅಂದು ಕೆಲಸ ನಿಲ್ಲುವುದಿಲ್ಲ, ಯಾರೂ ಗಡಿಬಿಡಿ ಮಾಡುವುದಿಲ್ಲ, ಕೈಗಳು ತೊಳೆದು ಶುಭ್ರವಾಗಿರುತ್ತವೆ, ನರ ಬೇಗ ಸಿಗುತ್ತದೆ. ಮಧ್ಯಾಹ್ನದೊಳಗೆ ಇನ್ನೂರು ಜನರನ್ನು ಮುಗಿಸಿ ಮನೆಗೆ ಹೋಗಬಹುದಿತ್ತು. ನೀವು ಮೆಚ್ಚಿ ಪ್ರಶಂಸಾಪತ್ರ ಕೊಟ್ಟಿರಿ. ಅದು ನನ್ನ ಗೋಡೆಯ ಮೇಲಿತ್ತು, ಇಳಿಸಿದ್ದೇನೆ. ನನ್ನ ಸೋಮಾರಿತನಕ್ಕೆ ನನಗೆ ನಾಚಿಕೆಯಾಗುತ್ತದೆ. ಆದರೆ ನನ್ನ ಅನುಕೂಲವನ್ನು ಆದೇಶವಾಗಿಸಿ, ಅದಕ್ಕೆ ಸಂಖ್ಯೆ ಕೊಟ್ಟು, ಬೇರೆ ದಿನದ ರಕ್ತವನ್ನು ರಕ್ತವೇ ಅಲ್ಲವೆಂದದ್ದು ಯಾರು?

ಅದಕ್ಕೇ ಮುಂದಿನೊಂದು ಗುರುವಾರ ರಜೆ ಹಾಕಿ, ಒಪ್ಪಿದವರಿಂದ ಸಹಿ ಪಡೆದು, ಅದೇ ಊಟದ ಕೋಣೆಯ ಅದೇ ಮೇಜಿನ ಮೇಲೆ ಮೂವತ್ತೊಂದು ಜನರ ರಕ್ತ ತೆಗೆದೆ. ಎಲ್ಲರೂ ಲೇಪನ ವಿಭಾಗದವರು. ಜೋಕಿನ ಮೇಸ್ತ್ರಿಯೂ ತೋಳು ಚಾಚಿದ. ಅಂದು ಅವನು ಜೋಕು ಹೇಳಲಿಲ್ಲ. ಹತ್ತೊಂಬತ್ತು ಜನರಿಗೆ ಮಿತಿ ಮೀರಿತ್ತು. ನಿಮ್ಮ ಪುಸ್ತಕದಲ್ಲಿ ಇದೇ ಮೂವತ್ತೊಂದು ಜನರಲ್ಲಿ ಮಿತಿ ಮೀರಿದವರು ಸೊನ್ನೆ. ಅಂಕಿಗಳ ಪಟ್ಟಿಯನ್ನು ನಿಮಗೇ ಕಳಿಸಿದೆ. ನೀವೇನು ಮಾಡಿದಿರಿ? ಹತ್ತೊಂಬತ್ತು ಜನರನ್ನು ಕರೆಸಿ ನೋಡುವ ಬದಲು ನನಗೆ ನೋಟಿಸು ಕೊಟ್ಟಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ‘ನಿಗದಿತ ದಿನಾಂಕವಲ್ಲದೆ ಸಂಗ್ರಹಿಸಿದ ಮಾದರಿಗಳನ್ನು ಪರಿಗಣಿಸಲಾಗದು’ ಎಂದು ಬರೆದಿದ್ದೀರಿ. ದಿನಾಂಕ ನೋಡಿಕೊಂಡು ಕೆಡುವ ಯಕೃತ್ತು ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಇದೆಯೇ?

ನೀವು ಪರಿಗಣಿಸದಿದ್ದರೆ ಆಗುವುದೇನು ಎಂದರೆ ಇದು. ತಮ್ಮ ಕತ್ತರಿಸುವ ವಿಭಾಗಕ್ಕೆ ವರ್ಗ ಕೇಳಿದ. ಅಧಿಕೃತ ವರದಿ ‘ಸಹಜ’ ಎಂದಿದೆ, ಕಾರಣವಿಲ್ಲ ಎಂದು ಅರ್ಜಿ ವಾಪಸು ಬಂತು. ದ್ರಾವಕದಿಂದ ಈಗಲೇ ದೂರವಾದರೆ ಅವನ ಯಕೃತ್ತು ತನ್ನಷ್ಟಕ್ಕೆ ಚೇತರಿಸಿಕೊಳ್ಳುವ ಸಾಧ್ಯತೆ ಇನ್ನೂ ಇದೆ ಎಂದು ನಮ್ಮ ಆಸ್ಪತ್ರೆಯ ವೈದ್ಯರು ಹೇಳಿದ್ದಾರೆ. ‘ಇನ್ನೂ’ ಎಂದರೆ ಎಷ್ಟು ದಿನ ಎಂದು ಅವರು ಹೇಳಲಿಲ್ಲ, ನಾನು ಕೇಳುವ ಧೈರ್ಯ ಮಾಡಲಿಲ್ಲ. ಕೆಲಸ ಬಿಡು ಎಂದರೆ ಅವನು, “ಬಿಟ್ರೆ ನನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ ಅಕ್ಕಾ. ಅವನಿಗೆ ರಕ್ತ ತೆಗೆಯೋ ಅಕ್ಕ ಇರಲ್ಲ,” ಅನ್ನುತ್ತಾನೆ. ನೀವು ಇದನ್ನು ಓದುತ್ತಿರುವಾಗ ಅವನು ಲೇಪದ ತೊಟ್ಟಿಯ ಮೇಲೆ ಬಗ್ಗಿರುತ್ತಾನೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರು ನೀವಾಗಬೇಡಿ. ಆ ಹತ್ತೊಂಬತ್ತು ಜನರನ್ನು ಈ ವಾರವೇ ದ್ರಾವಕದಿಂದ ದೂರ ಕಳಿಸಿ. ತಪಾಸಣೆಯನ್ನು ಕೆಲಸ ಭರದಲ್ಲಿರುವ ದಿನಕ್ಕೆ ಬದಲಿಸಿ, ಪ್ರತಿಯೊಬ್ಬನ ಈ ವರ್ಷದ ಅಂಕಿಯನ್ನು ಅವನ ಹಿಂದಿನ ಅಂಕಿಗಳ ಪಕ್ಕದಲ್ಲೇ ಬರೆಯಿರಿ. ಆಗದೆಂದರೆ ಒಂದು ತಿಂಗಳು ನಿಮ್ಮ ಕುರ್ಚಿ ಮೇಜನ್ನು ಲೇಪನ ವಿಭಾಗದಲ್ಲಿ ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ ನಾನೇ ಬಂದು ನಿಮ್ಮ ರಕ್ತ ತೆಗೆಯುತ್ತೇನೆ; ಮೊದಲು ಹನ್ನೆರಡು ದಿನ ರಜೆ ಕೊಡುವ ಔದಾರ್ಯ ಮಾತ್ರ ನನ್ನಿಂದಾಗದು.

ನನ್ನ ಕೆಲಸ ಕಿತ್ತುಕೊಳ್ಳುವುದು ನಿಮ್ಮ ಕೈಯಲ್ಲಿದೆ, ಗೊತ್ತು. ಬರುವ ಗುರುವಾರ ಬೆಳಗ್ಗೆ ಎಂಟಕ್ಕೆ ಮತ್ತೆ ಅದೇ ಮೇಜಿನ ಮುಂದೆ ಕೂತಿರುತ್ತೇನೆ. ಈ ಸಲ ಎಂಬತ್ತು ಜನ ಸಹಿ ಹಾಕಿದ್ದಾರೆ. ಎರಡನೆಯ ನೋಟಿಸನ್ನು ಅಲ್ಲಿಗೇ ಕಳಿಸಿ. ತರುವವನಿಗೆ ಅಂಗಿಯ ತೋಳು ಮಡಚಿಕೊಂಡು ಬರಲು ಹೇಳಿ, ಅವನದನ್ನೂ ನೋಡಿಬಿಡೋಣ.

ಇಂತಿ,
ನಿಮಗೆ ಆ ತಪ್ಪು ದಿನವನ್ನು ಕೈಯಾರೆ ಆರಿಸಿಕೊಟ್ಟು, ಈಗ ವಾಪಸು ಕೇಳುತ್ತಿರುವ,
ಲೇಪನ ವಿಭಾಗದವನೊಬ್ಬನ ಅಕ್ಕ